ಕಾಯೋದು ತಪ್ಪಿತು: ಮೊಬೈಲ್‌ನ ಲಾಭ, ನಷ್ಟ ಎರಡೂ ಹುಟ್ಟೋದು ಒಂದೇ ಜಾಗದಲ್ಲಿ

ಮಂಡ್ಯ ಜಿಲ್ಲೆಯಲ್ಲಿ ಬೋರ್‌ವೆಲ್ ನಂಬಿದ ಊರುಗಳಿಗೆ ಹೋದರೆ, ಎಷ್ಟೋ ಪಂಪ್‌ಸೆಟ್ ಪೆಟ್ಟಿಗೆಗಳೊಳಗೆ ಈಗ ಒಂದು ಸಿಮ್ ಕಾರ್ಡ್ ಇರುತ್ತದೆ. ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ಮನೆ ಹುಡುಗನ ಫೋನ್ ಹೊಡೆದುಕೊಳ್ಳುತ್ತದೆ. ಅವನು ಮಲಗಿದಲ್ಲಿಂದಲೇ ಒಂದು ಬಟನ್ ಒತ್ತಿದರೆ ಮೋಟರ್ ಶುರು. ಬೋರ್‌ನಲ್ಲಿ ನೀರು ಬರೋದು ನಿಂತರೆ ತಾನೇ ಆಫ್ ಆಗುತ್ತದೆ. ಜನ ಇದನ್ನು ಮೊಬೈಲ್ ಸ್ಟಾರ್ಟರ್ ಅನ್ನುತ್ತಾರೆ. ಮೊದಲು ಇದೇ ಕೆಲಸಕ್ಕೆ ಯಾರಾದರೊಬ್ಬರು ಅಪರಾತ್ರಿಯಲ್ಲಿ ಟಾರ್ಚ್ ಹಿಡಿದು ಬದುವಿನ ಮೇಲೆ ನಡೆಯಬೇಕಿತ್ತು. ಹಾವಿನ ಭಯ ಯಾವಾಗಲೂ ಇದ್ದದ್ದೇ. 2022ರ ಕೊನೆಯಲ್ಲಿ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತ ಮೇಲಂತೂ ಕತ್ತಲಲ್ಲಿ ಹೊಲಕ್ಕೆ ಮಕ್ಕಳನ್ನು ಕಳಿಸೋಕೆ ಯಾವ ತಾಯಿಗೆ ಮನಸ್ಸು ಬರುತ್ತದೆ?

ಇನ್ನು ಮುಂದಿನದು ಕೇಳಿ. ಮೋಟರ್ ಆನ್ ಮಾಡಿದ ಹುಡುಗ ಫೋನ್ ಕೆಳಗಿಡುವುದಿಲ್ಲ. ಹೇಗೂ ಎಚ್ಚರ ಆಯ್ತಲ್ಲ, ಸುಮ್ನೆ ಒಂದೆರಡು ರೀಲ್ಸ್ ನೋಡೋಣ ಅಂದುಕೊಳ್ಳುತ್ತಾನೆ. ತಲೆ ಎತ್ತಿ ನೋಡಿದರೆ ಕೋಳಿ ಕೂಗುವ ಹೊತ್ತು. ಅವನನ್ನು ಕತ್ತಲಿನಿಂದ ಉಳಿಸಿದ ಫೋನೇ ಅವನ ನಿದ್ದೆಯನ್ನೂ ತಿಂದಿತು.

ಇಂಥ ಕಡೆ "ತಂತ್ರಜ್ಞಾನ ಎರಡಲಗಿನ ಕತ್ತಿ, ಎಲ್ಲ ಬಳಸುವವರ ಕೈಯಲ್ಲಿದೆ" ಅಂತ ಹೇಳಿ ಮುಗಿಸುವುದು ರೂಢಿ. ಶಾಲೆಯ ಪ್ರಬಂಧಕ್ಕೆ ಅದು ಸಾಕು. ಆದರೆ ಅದರಿಂದ ಏನೂ ಅರ್ಥವಾಗುವುದಿಲ್ಲ. ಯಾವಾಗ ಲಾಭ, ಯಾವಾಗ ನಷ್ಟ, ಯಾಕೆ ಹಾಗೆ ಅನ್ನೋದು ಉಳಿದೇ ಹೋಗುತ್ತದೆ. ಗಮನಿಸಿದರೆ ಆ ಹುಡುಗನಿಗೆ ಆದ ಲಾಭ, ನಷ್ಟ ಎರಡಕ್ಕೂ ಕಾರಣ ಒಂದೇ. ನಡುವೆ ಇದ್ದ ತಡೆ ಹೋಯಿತು. ಹೊಲಕ್ಕೆ ನಡೆಯೋದು ತಪ್ಪಿತು, ಮುಂದಿನ ವಿಡಿಯೊಗೆ ಕಾಯೋದೂ ತಪ್ಪಿತು. ಹೊಸ ತಂತ್ರಜ್ಞಾನ ನಮ್ಮ ಯುವಕ, ಯುವತಿಯರ ದಿನದಲ್ಲಿ ಮಾಡಿರುವ ಮುಖ್ಯ ಕೆಲಸವೇ ಇದು: ಕಾಯುವುದನ್ನು ತೆಗೆದುಹಾಕುವುದು.

ಕಾಯುವುದರಲ್ಲಿ ಎರಡು ಬಗೆ ಇದೆ. ಒಂದು, ಬೇರೆಯವರು ನಮ್ಮನ್ನು ಕಾಯಿಸುವುದು. ಇನ್ನೊಂದು, ನಾವೇ ಒಂದು ಕ್ಷಣ ನಿಂತು "ಬೇಕಾ, ಬೇಡವಾ" ಅಂತ ಯೋಚಿಸುವುದು. ಮೊದಲನೆಯದು ಹೋದರೆ ಬಿಡುಗಡೆ. ಎರಡನೆಯದು ಹೋದರೆ ಜೇಬಿಗೋ ತಲೆಗೋ ಕತ್ತರಿ.

ಸಾಲು ಕರಗಿದ ಕಡೆ

ಮೊದಲ ಬಗೆಯದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ ಜಾಸ್ತಿ. ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯುವ ಕಾಲ ಇತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಕೈಬರಹದ ದಾಖಲೆಗಳನ್ನು ಕಂಪ್ಯೂಟರ್‌ಗೆ ತಂದಿತು. ಈಗ ಪಿಯುಸಿ ಓದುವ ಮಗಳು ಅಪ್ಪನಿಗೆ ಮನೆಯಲ್ಲೇ ಪಹಣಿ ತೆಗೆದು ತೋರಿಸುತ್ತಾಳೆ. ಬೆಳೆ ಸಮೀಕ್ಷೆ ಆಪ್ ಬಂದ ಮೇಲೆ ಜಮೀನಿನ ಫೋಟೊ ಹಾಕುವ ಕೆಲಸವೂ ಮನೆಯ ಚಿಕ್ಕವರ ಪಾಲಿಗೇ ಬಂತು. ಸಿಇಟಿ ಕೌನ್ಸೆಲಿಂಗ್‌ಗೆ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ ಕೂರಬೇಕಾಗಿದ್ದ ಕಾಲ ಒಂದಿತ್ತು. ಇವತ್ತು ಆಪ್ಷನ್ ಎಂಟ್ರಿ ಮಾಡಿ, ಅಣಕು ಸೀಟು ಹಂಚಿಕೆ ನೋಡಿ, ಕಾಲೇಜುಗಳ ಕ್ರಮ ಬದಲಿಸಿ, ಎಲ್ಲವನ್ನೂ ಊರಲ್ಲೇ ಮುಗಿಸಬಹುದು. ನಾಗಮಂಗಲದ ಹುಡುಗಿಗೂ ಮೈಸೂರಿನ ಕುವೆಂಪುನಗರದ ಹುಡುಗಿಗೂ ಅದೇ ಯೂಟ್ಯೂಬ್ ಪಾಠ ಸಿಗುತ್ತದೆ. ಟ್ಯೂಷನ್‌ಗೆ ದುಡ್ಡಿಲ್ಲದ ಮನೆಗೆ ಇದು ಸಣ್ಣ ವಿಷಯವಲ್ಲ.

ಇವೆಲ್ಲಕ್ಕಿಂತ ಹೆಚ್ಚು ಲಾಭ ಪಡೆದವರು ಯಾರು ಗೊತ್ತಾ? ನನ್ನ ಲೆಕ್ಕದಲ್ಲಿ, ಕಿವಿ ಕೇಳದ ಹುಡುಗ, ಹುಡುಗಿಯರು. ಬರೀ ಮಾತಿನ ಫೋನ್ ಇದ್ದಷ್ಟು ದಿನ ಅದು ಅವರಿಗೆ ಮೆಸೇಜ್ ಕಳಿಸುವ ಡಬ್ಬಿ ಅಷ್ಟೇ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, ವಿಡಿಯೊ ಕಾಲ್ ಎಲ್ಲರ ಕೈಗೆಟುಕಿತು. ಫೋನನ್ನು ಗೋಡೆಗೆ ಒರಗಿಸಿಟ್ಟು ಎರಡೂ ಕೈಯಲ್ಲಿ ಸನ್ನೆ ಮಾಡಿ ಜಗಳ, ತಮಾಷೆ, ಗುಟ್ಟು ಎಲ್ಲ ಮಾತಾಡುವ ಗೆಳೆಯರನ್ನು ಈಗ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲೂ ಕಾಣಬಹುದು. ಮೊಬೈಲ್‌ನಿಂದ ಮಕ್ಕಳು ಹಾಳಾದರು ಅಂತ ಸಾರಾಸಗಟಾಗಿ ಹೇಳುವವರು ಇವರನ್ನು ಒಮ್ಮೆ ನೋಡಬೇಕು.

ಕೆಳತುದಿ ಇಲ್ಲದ ಪುಟ

ಈಗ ಎರಡನೆಯ ಬಗೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಬೇಕು.

ಹಳೆಯ ವೆಬ್ ಪುಟಗಳಿಗೆ ಒಂದು ಕೆಳತುದಿ ಇರುತ್ತಿತ್ತು. ಅಲ್ಲಿ 'ಮುಂದಿನ ಪುಟ' ಅಂತ ಒಂದು ಬಟನ್. ಒತ್ತಬೇಕಾದರೆ ಅರ್ಧ ಕ್ಷಣ ನಿಲ್ಲಬೇಕು. ಆ ಅರ್ಧ ಕ್ಷಣದಲ್ಲೇ "ಸಾಕು, ಊಟ ಮಾಡೋಣ" ಅನ್ನೋ ಯೋಚನೆ ಬರುತ್ತಿತ್ತು. 2006ರಲ್ಲಿ ಅಮೆರಿಕದ ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಆ ಬಟನ್ ಬೇಡವಾಗುವ ಉಪಾಯ ಕಂಡುಹಿಡಿದ. ಬೆರಳು ಎಳೆದಷ್ಟೂ ಪುಟ ಬೆಳೆಯುತ್ತಲೇ ಹೋಗುತ್ತದೆ. ಜನರಿಗೆ ಅನುಕೂಲ ಆಗಲಿ ಅಂತಲೇ ಮಾಡಿದ್ದು. ಆಮೇಲೆ ಅದರ ಪರಿಣಾಮ ನೋಡಿ ಅವನೇ ಬಹಿರಂಗವಾಗಿ ಬೇಸರಪಟ್ಟ.

2012ರಲ್ಲಿ ಯೂಟ್ಯೂಬ್ ಇನ್ನೊಂದು ಬದಲಾವಣೆ ಮಾಡಿತು. ಒಂದು ವಿಡಿಯೊವನ್ನು ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದು ಮುಖ್ಯವಾಯಿತು. ಕೇಳೋಕೆ ಒಳ್ಳೆಯದೇ, ಸುಳ್ಳು ಶೀರ್ಷಿಕೆ ಹಾಕಿ ಮೋಸ ಮಾಡುವವರಿಗೆ ಇದರಿಂದ ಪೆಟ್ಟು ಬಿತ್ತು. ಆದರೆ ಅಲ್ಲಿಂದ ಮುಂದೆ ಇಂಥ ಆಪ್‌ಗಳ ಗುರಿ ಒಂದೇ ಆಯಿತು: ನೋಡುವವರನ್ನು ಎಬ್ಬಿಸಬಾರದು. ಜಾಹೀರಾತಿನಿಂದ ಬದುಕುವ ಆಪ್‌ಗೆ ನೀವು ಕೂತಿರುವ ಹೊತ್ತೇ ಸಂಪಾದನೆ. ಯಾವ ವಿಡಿಯೊ ಮೇಲೆ ಬೆರಳು ನಿಂತಿತು, ಯಾವುದನ್ನು ಎರಡು ಸಲ ನೋಡಿದಿರಿ, ಯಾವುದನ್ನು ಅರ್ಧಕ್ಕೆ ಬಿಟ್ಟಿರಿ, ಇವೆಲ್ಲ ದಾಖಲಾಗುತ್ತವೆ. ನೀವು ಲೈಕ್ ಒತ್ತದಿದ್ದರೂ ಪರವಾಗಿಲ್ಲ, ನೀವು ತಡೆದು ನಿಂತಿದ್ದೇ ಅದಕ್ಕೆ ಸಾಕು. ನಮ್ಮಲ್ಲಿ 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಆಪ್ ಹೋಯಿತು, ಅಭ್ಯಾಸ ಮೂರೇ ತಿಂಗಳಲ್ಲಿ ಹೊಸ ಮನೆ ಸೇರಿಕೊಂಡಿತು.

ಹತ್ತು ರೀಲ್ಸ್‌ನಲ್ಲಿ ಎಂಟು ಬೋರ್ ಹೊಡೆಸುತ್ತವೆ. ಆದರೂ ಯಾಕೆ ನಿಲ್ಲಿಸೋಕೆ ಆಗಲ್ಲ? ಆ ಎಂಟು ಬೋರ್ ಇರುವುದರಿಂದಲೇ! ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದ. ಬಟನ್ ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತಿತ್ತು. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಹಾಗೆ ಕೊಟ್ಟಾಗ ಬಿಡದೆ ಕುಕ್ಕುತ್ತಿತ್ತು, ಕಾಳು ನಿಂತ ಮೇಲೂ ತುಂಬ ಹೊತ್ತು.

ಮಿದುಳಿನ ಒಳಗಿನ ಕಥೆ 1990ರ ದಶಕದಲ್ಲಿ ತಿಳಿಯಿತು. ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಅವುಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುವ ನರಕೋಶಗಳ ಚಟುವಟಿಕೆ ಅಳೆದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ಒಂದು ಸೂಚನೆ ಬರುತ್ತದೆ ಅಂತ ಕೋತಿ ಕಲಿತ ಮೇಲೆ ರಸಕ್ಕಲ್ಲ, ಸೂಚನೆಗೇ ಚುರುಕಾದವು. ಸೂಚನೆ ಬಂದೂ ರಸ ಬರದಿದ್ದರೆ ಸಪ್ಪಗಾದವು. ಅಂದರೆ ಡೋಪಮಿನ್ ಸುಖ ಕೊಡುವ ರಸಾಯನ ಅನ್ನುವುದು ಅರ್ಧ ಸತ್ಯವೂ ಅಲ್ಲ. ಅದು ನಿರೀಕ್ಷೆಯ ಲೆಕ್ಕ ಇಡುತ್ತದೆ: ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕಿತಾ, ಕಡಿಮೆ ಸಿಕ್ಕಿತಾ? ಅದಕ್ಕೇ ನಾವು ಈ ವಿಡಿಯೊ ಚೆನ್ನಾಗಿದೆ ಅಂತ ಕೂತಿರುವುದಲ್ಲ, ಮುಂದಿನದು ಚೆನ್ನಾಗಿರಬಹುದು ಅಂತ ಕೂತಿರುತ್ತೇವೆ. ('ಡೋಪಮಿನ್ ಡಿಟಾಕ್ಸ್' ಅಂತ ದುಡ್ಡು ಕೇಳುವ ಕೋರ್ಸ್‌ಗಳನ್ನು ದಯವಿಟ್ಟು ಬಿಡಿ. ಡೋಪಮಿನ್ ಕಶ್ಮಲವಲ್ಲ, ತೊಳೆದು ಹಾಕೋಕೆ. ಅದು ಇಲ್ಲದೆ ಮನುಷ್ಯ ಸರಾಗವಾಗಿ ನಡೆಯಲೂ ಆಗುವುದಿಲ್ಲ.)

ವಯಸ್ಸೂ ಇಲ್ಲಿ ಮುಖ್ಯ. ಆಸೆಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹದಿನೇಳರ ಹುಡುಗನಿಗೆ "ನಿಂಗೆ ಕಂಟ್ರೋಲ್ ಇಲ್ವಾ?" ಅಂತ ಬೈದರೆ ಉತ್ತರ ಇಷ್ಟೇ: ಇನ್ನೂ ಪೂರ್ತಿ ಬಂದಿಲ್ಲ. ಬೈಯುವ ಅಪ್ಪನ ಕೈಯಲ್ಲೂ ಫೋನ್ ಇರುತ್ತದೆ, ಅದು ಬೇರೆ ಮಾತು.

ಗಂಟೆ ಎಣಿಸಿದರೆ ಸಾಲದು

"ದಿನಕ್ಕೆ ಎಷ್ಟು ಗಂಟೆ ನೋಡಬಹುದು?" ಅನ್ನೋದು ಪೋಷಕರ ಮೊದಲ ಪ್ರಶ್ನೆ. ಅರ್ಥವಾಗುವಂಥದ್ದೇ, ಗಂಟೆ ಎಣಿಸೋದು ಸುಲಭ. ಆದರೆ 2019ರಲ್ಲಿ ಆಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ ಎಂಬ ಸಂಶೋಧಕರು ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದ ಭಾಗ ಹೆಚ್ಚೆಂದರೆ ಶೇ 0.4 ಅಂತ ಕಂಡಿತು. ಹಾಗಂತ ತೊಂದರೆಯೇ ಇಲ್ಲ ಅಂತಲ್ಲ. ಇದು ಸರಾಸರಿ ಲೆಕ್ಕ. ಪಾಠ ನೋಡಿದ ಮೂರು ಗಂಟೆ, ಅಕ್ಕನ ಜೊತೆ ವಿಡಿಯೊ ಕಾಲ್ ಮಾಡಿದ ಮೂರು ಗಂಟೆ, ಬೆಟ್ಟಿಂಗ್ ಆಡಿದ ಮೂರು ಗಂಟೆ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಏನು ಕಂಡೀತು? ಕೆಲವು ಮಕ್ಕಳಿಗೆ ಆಗುವ ದೊಡ್ಡ ಪೆಟ್ಟು ಸರಾಸರಿಯಲ್ಲಿ ಮುಳುಗಿಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆಯನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದಾಗಲೂ ಗಂಟೆಯ ಮಿತಿ ಹಾಕಲಿಲ್ಲ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ನೋಡುವುದು ಮೂರು ಸಂಗತಿ: ಆಟದ ಮೇಲೆ ಹಿಡಿತ ತಪ್ಪಿದೆಯಾ, ಊಟ, ಓದು, ಗೆಳೆಯರಿಗಿಂತ ಆಟವೇ ಮುಂದೆ ಬಂದಿದೆಯಾ, ಹಾನಿ ಆಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿದಿದೆಯಾ. ಸಾಮಾನ್ಯವಾಗಿ ಇದು ಒಂದು ವರ್ಷವಾದರೂ ನಡೆದಿರಬೇಕು. ಪರೀಕ್ಷೆ ಮುಗಿದ ರಜೆಯಲ್ಲಿ ವಾರವಿಡೀ ಆಡಿದವನು ರೋಗಿಯಲ್ಲ. ನಿಜಕ್ಕೂ ಕೈಮೀರಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ, ತಂತ್ರಜ್ಞಾನದ ಬಳಕೆಯ ತೊಂದರೆಗೆಂದೇ. ಅಷ್ಟು ದೂರ ಹೋಗುವ ಮುಂಚೆ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿದ್ದೆಯ ವಿಷಯ ಒಂದೇ ಮಾತಲ್ಲಿ: ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳುವ ಮುಂಚೆ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜ್‌ಗೆ ಹಾಕಿ ನೋಡಿ. ಹದಿಮೂರರಿಂದ ಹದಿನೆಂಟರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದನ್ನು ಜಾಸ್ತಿ ಕದಿಯುವುದು ಬೆಳಕಿಗಿಂತ 'ಇನ್ನೊಂದೇ ಒಂದು' ಅನ್ನೋ ಆಸೆ.

ದುಡ್ಡಿನ ಮಾತು

ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಇವತ್ತು ಮೈಸೂರಿನ ಅಗ್ರಹಾರದ ಚುರುಮುರಿ ಗಾಡಿಯಿಂದ ಮದ್ದೂರಿನ ಎಳನೀರು ರಾಶಿಯವರೆಗೆ ಕ್ಯೂಆರ್ ಕೋಡ್ ನೇತಾಡುತ್ತದೆ. ಹಾಸ್ಟೆಲ್‌ನಲ್ಲಿರುವ ಮಗನಿಗೆ ಅಪ್ಪ ಊರಿಂದ ದುಡ್ಡು ಹಾಕಿದರೆ ಚಹಾ ಆರುವ ಮುಂಚೆ ತಲುಪುತ್ತದೆ. ಆದರೆ ಕಳಿಸಿದ ದುಡ್ಡು ಕಳ್ಳನಿಗೂ ಅಷ್ಟೇ ಬೇಗ ತಲುಪುತ್ತದೆ.

ಇಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ಒಂದು ಕೆಲಸ ನನಗೆ ತುಂಬ ಇಷ್ಟ. 2009ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಗುರುತು ಕಡ್ಡಾಯ ಮಾಡಿತು. ನಾವು ಬೈದುಕೊಳ್ಳುವ ಒಟಿಪಿ ಅಂದರೆ ಬೇಕಂತಲೇ ದಾರಿಯಲ್ಲಿಟ್ಟ ತಡೆ. ಮೋಸಗಾರರ ಶ್ರಮವೆಲ್ಲ ಆ ತಡೆಯನ್ನು ನಮ್ಮ ಕೈಯಿಂದಲೇ ತೆಗೆಸುವುದರಲ್ಲಿದೆ. ಅವರ ಮಾತು ಗಮನಿಸಿ: "ಬೇಗ ಹೇಳಿ, ಇನ್ನೆರಡು ನಿಮಿಷದಲ್ಲಿ ಬ್ಲಾಕ್ ಆಗುತ್ತೆ." ಆತುರ ಮಾಡಿಸುವುದೇ ಅವರ ಬಂಡವಾಳ. ಯುಪಿಐ ಪಿನ್ ಬೇಕಾಗುವುದು ದುಡ್ಡು ಹೋಗೋಕೆ, ಬರೋಕೆ ಅಲ್ಲ. ದುಡ್ಡು ಬರುತ್ತೆ, ಪಿನ್ ಒತ್ತಿ ಅಂತ ಯಾರಾದರೂ ಅಂದರೆ ಅಲ್ಲೇ ಫೋನ್ ಇಡಿ.

ಕಾಲೇಜು ಹುಡುಗರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಮನೆಗಳಲ್ಲಿ ಅದರ ಮಾತೇ ಆಡುವುದಿಲ್ಲ. ಟೆಲಿಗ್ರಾಂನಲ್ಲಿ ಯಾರೋ ಸಿಗುತ್ತಾರೆ. "ನಿನ್ನ ಬ್ಯಾಂಕ್ ಅಕೌಂಟ್ ಸ್ವಲ್ಪ ದಿನ ಕೊಡು, ಅದರಲ್ಲಿ ದುಡ್ಡು ಬಂದು ಹೋಗುತ್ತೆ, ನಿಂಗೆ ಕಮಿಷನ್." ಪಾರ್ಟ್‌ಟೈಮ್ ಕೆಲಸ ಅಂತಲೇ ಹೇಳುತ್ತಾರೆ. ಹುಡುಗನಿಗೆ ಅನಿಸುತ್ತದೆ, ನಾನು ಯಾರಿಗೂ ಮೋಸ ಮಾಡುತ್ತಿಲ್ಲವಲ್ಲ. ಆದರೆ ಆ ಅಕೌಂಟಿಗೆ ಬರುವುದು ಇನ್ಯಾರನ್ನೋ ಹೆದರಿಸಿ ಕಿತ್ತ ದುಡ್ಡು. ಅದು ನಿಮಿಷಗಳಲ್ಲಿ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಮಾಯವಾಗುತ್ತದೆ. ಪೊಲೀಸರು ಜಾಡು ಹಿಡಿದು ಬಂದಾಗ ಸಿಗುವ ಹೆಸರು, ಆಧಾರ್, ಫೋಟೊ ಎಲ್ಲ ಈ ಹುಡುಗನದು. ಅಕೌಂಟ್ ಫ್ರೀಜ್ ಆಗುತ್ತದೆ. ಅದೇ ಅಕೌಂಟಿಗೆ ಬರಬೇಕಾದ ಸ್ಕಾಲರ್‌ಶಿಪ್ ಕೂಡ ಕೈಗೆ ಸಿಗುವುದಿಲ್ಲ. ಮೇಲೆ ಕೇಸು, ಯಾವುದೋ ರಾಜ್ಯದ ಠಾಣೆಯಿಂದ ನೋಟಿಸು. ಯುವಜನರಿಗೆ ಕಾರ್ಯಾಗಾರ ಮಾಡುವವರು ಸ್ಕ್ರೀನ್ ಟೈಮ್ ಬಗ್ಗೆ ಅರ್ಧ ಕಡಿಮೆ ಮಾತಾಡಿ ಇದರ ಬಗ್ಗೆ ಮಾತಾಡಿದರೆ ಒಳ್ಳೆಯದು.

ದುಡ್ಡು ಕಳೆದುಕೊಂಡವರು ಮಾತ್ರ ನಾಚಿಕೆ ಪಟ್ಟುಕೊಂಡು ಕೂರಬಾರದು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ದುಡ್ಡು ಜಿಗಿಯುತ್ತಿರುವಾಗಲೇ ದೂರು ಹೋದರೆ ಮುಂದಿನ ಅಕೌಂಟಿನಲ್ಲಿ ತಡೆಹಿಡಿಯುವ ಅವಕಾಶ ಇರುತ್ತದೆ. ಅಪ್ಪ ಬೈತಾರೆ ಅಂತ ಒಂದು ರಾತ್ರಿ ಸುಮ್ಮನಿದ್ದರೆ ಆ ಅವಕಾಶವೂ ಹೋಯಿತು.

ಬೆಟ್ಟಿಂಗ್ ವಿಷಯದಲ್ಲಿ ಕಾನೂನೇ ಅಡ್ಡ ಬಂದಿದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿತು. ಶಿಕ್ಷೆ ಆಡಿಸುವವರಿಗೆ, ಆಡಿದವರಿಗೆ ಅಲ್ಲ. ಸಾಲ ಮಾಡಿಕೊಂಡ ಹುಡುಗನಿಗೆ ಮನೆಯಲ್ಲಿ ಬಾಯಿಬಿಡೋಕೆ ಇದರಿಂದಲಾದರೂ ಧೈರ್ಯ ಬರಬೇಕು. ಹೊರದೇಶದ ಬೆಟ್ಟಿಂಗ್ ಲಿಂಕ್‌ಗಳು ಈಗಲೂ ಮೆಸೇಜ್‌ನಲ್ಲಿ ಹರಿದಾಡುತ್ತವೆ, ಅವುಗಳಲ್ಲಿ ದುಡ್ಡು ಸಿಕ್ಕಿಬಿದ್ದರೆ ಕೇಳೋಕೆ ಯಾರೂ ಇರುವುದಿಲ್ಲ.

ಉತ್ತರ ಬೇಗ ಸಿಕ್ಕರೆ ಕಲಿತ ಹಾಗಾ?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಅಸೈನ್‌ಮೆಂಟ್ ಬರೆಯಲು ಲೈಬ್ರರಿಗೆ ಹೋಗುವುದು, ಸೀನಿಯರ್ ನೋಟ್ಸ್ ಬೇಡುವುದು ಎಲ್ಲ ಹಳೆಯದಾಯಿತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್‌ನ ಎಂಎ ವಿದ್ಯಾರ್ಥಿಯೂ ಪಿಯುಸಿ ಹುಡುಗಿಯೂ ಒಂದೇ ಪೆಟ್ಟಿಗೆಗೆ ಪ್ರಶ್ನೆ ಹಾಕುತ್ತಾರೆ. ಇಂಗ್ಲಿಷ್ ಪಠ್ಯ ಅರ್ಥವಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಹತ್ತು ಸಲ ಕೇಳಿದರೂ ಸಿಡುಕದ ಮೇಷ್ಟ್ರು. ಆ ಲಾಭವನ್ನು ಕಡೆಗಣಿಸಬಾರದು.

ತೊಂದರೆ ಇರುವುದು ಮಿದುಳಿನ ಒಂದು ಗುಣದಲ್ಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಠ್ಯ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಪುಟ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರದ ಮೇಲೆ ಕೇಳಿದಾಗ ತಲೆ ಕೆರೆದುಕೊಂಡು ಬರೆದವರು ಮುಂದೆ. ನೆನಪು ಮಾಡಿಕೊಳ್ಳಲು ಒದ್ದಾಡುವುದೇ ನೆನಪನ್ನು ಗಟ್ಟಿ ಮಾಡುತ್ತದೆ. ಉತ್ತರವನ್ನು ತಕ್ಷಣ ಕೈಗಿಡುವ ಯಂತ್ರ ಆ ಒದ್ದಾಟವನ್ನೇ ಕಿತ್ತುಕೊಳ್ಳುತ್ತದೆ. ಅರ್ಥವಾಯಿತು ಅನ್ನೋ ಭಾವನೆ ಬರುತ್ತದೆ, ಪರೀಕ್ಷೆ ಹಾಲ್‌ನಲ್ಲಿ ಏನೂ ಬರುವುದಿಲ್ಲ. ಹಾಗಾಗಿ ಕ್ರಮ ತಿರುಗಿಸಿದರೆ ಸಾಕು. ಮೊದಲು ತಪ್ಪೋ ಸರಿಯೋ ತಾನೇ ಬರೆಯುವುದು, ಆಮೇಲೆ "ಇದರಲ್ಲಿ ಎಲ್ಲಿ ತಪ್ಪಿದೆ?" ಅಂತ ಕೇಳುವುದು. ಅದು ಹೇಳಿದ್ದನ್ನೂ ಪುಸ್ತಕದ ಜೊತೆ ತಾಳೆ ನೋಡಬೇಕು, ತಪ್ಪನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ.

ಕಾಯುವುದಕ್ಕೆ ಸಂಬಂಧವೇ ಇಲ್ಲದ ಒಂದು ವಿಷಯವನ್ನೂ ಮೈಸೂರಿನ ನೆಪದಲ್ಲಿ ಹೇಳಬೇಕು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಮಾನಸಗಂಗೋತ್ರಿಯಲ್ಲೇ. ಆದರೂ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಹಳಿಯ ಸದ್ದು ಮೀರಿಸಲು ಫುಲ್ ವಾಲ್ಯೂಮ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಅಷ್ಟೇ. ಹತ್ತು ಅಂಕಿ ಏರಿದರೆ ಹತ್ತನೇ ಒಂದು ಪಾಲು ಹೊತ್ತು! ಒಳಕಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾಡು ನಿಂತ ಮೇಲೂ ಕಿವಿಯಲ್ಲಿ ಗುಂಯ್ ಅಂದರೆ ಅದು ಎಚ್ಚರಿಕೆ.

ತಡೆಯನ್ನು ಮತ್ತೆ ಹಾಕಿಕೊಳ್ಳುವುದು

ಮನಸ್ಸು ಗಟ್ಟಿ ಮಾಡಿಕೊಳ್ಳಿ ಅನ್ನೋ ಸಲಹೆಯಲ್ಲಿ ನನಗೆ ನಂಬಿಕೆ ಇಲ್ಲ. ತಡೆ ತೆಗೆದದ್ದು ವಿನ್ಯಾಸ, ಹಾಗಾಗಿ ಅದನ್ನು ವಾಪಸ್ ತರುವ ಕೆಲಸವೂ ಸೆಟ್ಟಿಂಗ್ಸ್‌ನಲ್ಲೇ ಆಗಬೇಕು. ಮನುಷ್ಯರು ಕಳಿಸುವ ಮೆಸೇಜ್, ಕರೆ ಬಿಟ್ಟು ಉಳಿದ ನೋಟಿಫಿಕೇಶನ್‌ಗಳನ್ನೆಲ್ಲ ಆಫ್ ಮಾಡಬಹುದು. ಯೂಟ್ಯೂಬ್‌ನಲ್ಲಿ ಆಟೊಪ್ಲೇ ಆಫ್ ಮಾಡಿದರೆ ಪಾಠ ಮುಗಿದಲ್ಲಿ ವಿಡಿಯೊ ನಿಲ್ಲುತ್ತದೆ. ಆಂಡ್ರಾಯ್ಡ್ ಫೋನಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಒಂದೊಂದು ಆಪ್‌ಗೂ ದಿನದ ಮಿತಿ ಇಡಬಹುದು. ದುಡ್ಡಿನ ವಿಷಯಕ್ಕೆ, ಯುಪಿಐಗೆ ಜೋಡಿಸುವ ಅಕೌಂಟಿನಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಇಟ್ಟು, ಫೀಸಿನ ದುಡ್ಡನ್ನು ಬೇರೆ ಅಕೌಂಟಿನಲ್ಲಿ ಇಡುವುದು ಒಳ್ಳೆಯದು. ಮೊಬೈಲ್ ಸ್ಟಾರ್ಟರ್ ಇರುವ ಮನೆಗಳಲ್ಲಿ ಅದರ ಕರೆ ಹಳೆಯ ಕೀಪ್ಯಾಡ್ ಫೋನಿಗೆ ಬರುವ ಹಾಗೆ ನಂಬರ್ ಹಾಕಿಸಿದರೂ ಕೆಲಸ ನಡೆಯುತ್ತದೆ.

ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ಮುಖಪುಟದಲ್ಲಿ ಶಿಫಾರಸು ವಿಡಿಯೊಗಳೇ ಬರುವುದಿಲ್ಲ. ಖಾಲಿ ಪುಟ, ಮೇಲೊಂದು ಹುಡುಕುವ ಪಟ್ಟಿ. ಏನು ಬೇಕು ಅಂತ ನೀವೇ ಟೈಪ್ ಮಾಡಬೇಕು. ಮೊದಲ ಎರಡು ದಿನ ಏನೋ ಕಳೆದುಕೊಂಡ ಹಾಗನಿಸುತ್ತದೆ, ಇಷ್ಟವಾಗದಿದ್ದರೆ ಮತ್ತೆ ಆನ್ ಮಾಡಿಕೊಳ್ಳಬಹುದು. ಪರೀಕ್ಷೆ ಹತ್ತಿರ ಇರುವವರು ಮೊದಲು ಇದನ್ನೇ ಮಾಡಿ ನೋಡಿ.